ಬರತೇನಿ ಅಂದವರು

ಮನಮಾಯಾಗೆ ಕನ್ನಡ ಕಲಿಸಿದವಳು ನಾನೇ. ಅದಕ್ಕೇ ಆಮೇಲಿನ ರಾಮಾಯಣಕ್ಕೆಲ್ಲ ಬೈಲಹೊಂಗಲದ ಜನ ಇವತ್ತಿಗೂ ನನ್ನ ಮುಖ ನೋಡುತ್ತಾರೆ. ನೇಪಾಳದಿಂದ ಗಂಡ ಖಡ್ಗನ ಜೊತೆ ಬಂದ ಆಕೆ, ಕಿತ್ತೂರು, ರಾಮದುರ್ಗಗಳಲ್ಲಿ ನೆಲೆ ಸಿಗದೆ, ನನ್ನ ಹೊಲಿಗೆ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೊಮೊ ಮಾರಲು ನಿಂತಳು. ಎಲೆಕೋಸು ತುಂಬಿ ಹಬೆಯಲ್ಲಿ ಬೇಯಿಸಿದ ಆ ತಿಂಡಿಗೆ ನಮ್ಮವರು ‘ಖಾರದ ಕಡಬು’ ಎಂದು ಹೆಸರಿಟ್ಟು ತಿನ್ನತೊಡಗಿದರು. ಮಾತಿನ ಕೊನೆಗೆ ‘ರಿ’ ಹಚ್ಚಿದರೆ ಯಾರೂ ಸಿಟ್ಟಾಗುವುದಿಲ್ಲ ಎಂದು ನಾನು ಹೇಳಿದ್ದೇ ತಡ, ಬೀದಿನಾಯಿಗೂ “ಆ ಕಡೆ ಹೋಗ್ರಿ” ಎನ್ನತೊಡಗಿದಳು.

ತಿಂದು ಕೈತೊಳೆದವರು ಹೊರಡುವಾಗ “ಬರತೇನ್ರಿ” ಎನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಕಲಿಸಿರಲಿಲ್ಲ. ಆಕೆ ಅದನ್ನು ನಂಬಿದಳು! ಅವರ ಪಾಲಿನ ಕಡಬು ಹಬೆಯ ಮೇಲಿಟ್ಟು ಕಾಯುತ್ತಿದ್ದಳು. ಆ ದಿನ ಯಾರೂ ತಿರುಗಿ ಬರುತ್ತಿರಲಿಲ್ಲ. “ಮಂದಿ ಛಲೋ, ಆದ್ರ ಸುಳ್ಳ ಭಾಳ,” ಎಂದು ಖಡ್ಗ ತೀರ್ಮಾನಿಸಿಬಿಟ್ಟಿದ್ದ.

ಶೆಡ್ಡಿನ ಒಡತಿ ಸಾವಂತ್ರೆವ್ವ. ಆಕೆಯ ಗಂಡ ನಿಜಗುಣಪ್ಪ ಮಾಸ್ತರರಿಗೆ ಹೊರಗಿನ ತಿಂಡಿಯನ್ನು ಆಕೆ ಬಂದ್ ಮಾಡಿದ್ದಳು, ಹಾಗಾಗಿ ಅವರು ಕದ್ದು ತಿನ್ನುತ್ತಿದ್ದರು. ಒಂದು ಸಂಜೆ ಗಂಡಹೆಂಡತಿ ಸಂತೆಯಿಂದ ಬರುವಾಗ ಮನಮಾಯಾ ನಡುಬೀದಿಯಲ್ಲಿ ಅವರಿಗೆ ಅಡ್ಡ ನಿಂತಳು.

“ಸರ, ನಿನ್ನಿ ಬರತೇನಿ ಅಂದ್ರಿ. ನಾ ಎಷ್ಟ ಹೊತ್ತು ಕಾದ್ನಿ! ಯಾಕ ಬರಲಿಲ್ರಿ?”

ಸಾವಂತ್ರೆವ್ವ ಗಂಡನತ್ತ ತಿರುಗಿದಳು. “ಎಲ್ಲಿಗಿ ಬರತೇನಿ ಅಂದಿದ್ರಿ?”

“ದಿನಾ ಅಂತಾರ್ರಿ,” ಎಂದು ಮನಮಾಯಾ ನೆರವಿಗೆ ಬಂದಳು.

ಕಡಬಿನ ವಿಷಯ ಎಂದು ಮಾಸ್ತರರು ಒಪ್ಪಿಕೊಳ್ಳುವಷ್ಟರಲ್ಲಿ ಬೀದಿ ತುಂಬ ಜನ. ಮಾನ ಹೋದ ಸಿಟ್ಟಿಗೆ ಸಾವಂತ್ರೆವ್ವ, “ಇವತ್ತ ಶೆಡ್ ಖಾಲಿ ಮಾಡು. ನಾಳೆ ಬರಬ್ಯಾಡ,” ಎಂದು ಹೇಳಿ ನಡೆದಳು.

ಪಾತ್ರೆ ಕಟ್ಟುತ್ತಿದ್ದ ಮನಮಾಯಾಗೆ ಆಗ ಬಿಡಿಸಿ ಹೇಳಿದೆ: ನಮ್ಮಲ್ಲಿ ‘ಹೋಗತೇನಿ’ ಎನ್ನುವುದು ಅಪಶಕುನ, ಹೊರಟವರೂ ‘ಬರತೇನಿ’ ಎಂದೇ ಹೇಳಬೇಕು.

“ಅಂದ್ರ ಯಾರೂ ಸುಳ್ಳ ಹೇಳಿಲ್ಲೇನಕ್ಕಾ?” ಎಂದು ಕೇಳಿ ಆಕೆ ಅತ್ತುಬಿಟ್ಟಳು. ಊರಿನವರ ಮೇಲಿನ ಸಿಟ್ಟು ಇಳಿಯುವ ಹೊತ್ತಿಗೆ ಊರೇ ಬಿಡಬೇಕಾಗಿತ್ತು.

ಚಾವಿ ಕೊಡಲು ಇಬ್ಬರೂ ಹೋದೆವು. ಸಾವಂತ್ರೆವ್ವ ದೇವರಿಗೆ ದೀಪ ಹಚ್ಚಿ ಹೊರಗೆ ಬಂದು ಚಾವಿ ತೆಗೆದುಕೊಂಡಳು.

“ಹೋಗತೇನ್ರಿ ಅವ್ವಾರ,” ಎಂದಳು ಮನಮಾಯಾ.

“ಬಿಡ್ತು ಅನ್ನು! ದೀಪ ಹಚ್ಚಿದ ಹೊತ್ತಿನ್ಯಾಗ ನನ್ನ ಬಾಗಲದಾಗ ನಿಂತು ಹೋಗತೇನಿ ಅಂತೀಯೇನ? ಬರತೇನಿ ಅನ್ನು!”

“ಸುಳ್ಳ ಆಗತೈತ್ರಿ. ನೀವ ಬರಬ್ಯಾಡ ಅಂದೀರಿ.”

“ಬರಬ್ಯಾಡ ಅಂದ್ನಿ. ಬರತೇನಿ ಅನಬ್ಯಾಡ ಅಂದ್ನೇನ? ಅನ್ನು ಮೊದಲ!”

ಮನಮಾಯಾ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

“ಬರತೇನ್ರಿ,” ಎಂದು ಮೆಟ್ಟಿಲಿಳಿದು ಬೀದಿಯವರೆಗೆ ಹೋದಳು. ಅಲ್ಲಿಂದ ತಿರುಗಿ, ಮತ್ತೆ ಮೆಟ್ಟಿಲು ಹತ್ತಿ ಸಾವಂತ್ರೆವ್ವನ ಮುಂದೆ ಕೈಚಾಚಿ ನಿಂತಳು.

“ಬಂದ್ನ್ರಿ.”

ಸಾವಂತ್ರೆವ್ವ ಎಷ್ಟೇ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ. ಚಾಚಿದ ಕೈಯಲ್ಲಿ ಚಾವಿ ಇಟ್ಟು, ಒಳಗೆ ಕೂತಿದ್ದ ಗಂಡನಿಗೂ ಕೇಳುವಂತೆ ಹೇಳಿದಳು:

“ತಗೋ. ಮಾಸ್ತರಿಗೆ ಮಾತ್ರ ಒಂದೂ ಹಾಕಬ್ಯಾಡ.”