ನೆನೆಸಿ ಹಚ್ಚಿದ ಸಸಿ

ತೊಂಬತ್ತನಾಲ್ಕರ ಮಳೆಗಾಲದಲ್ಲಿ ದಢೇಸುಗೂರಿನ ಗದ್ದೆಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಊರು ಎರಡು ದಿನ ಅಯ್ಯೋ ಎಂದಿತು, ಮೂರನೆಯ ದಿನ ನಾಟಿಗೆ ಹೋಯಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಯಾರ ಮನೆಯ ಮುಂದೆ ಯಾರು ಕೂರುತ್ತಾರೆ? ಗದ್ದೆಮ್ಮ ಹಿಂದೆ ಮುಂದೆ ಯಾರೂ ಇಲ್ಲದವಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಮುಟ್ಟುವ ಕೈಯೇ ಸತ್ತರೆ ಬಾಯಿಗೆ ಮಣ್ಣೇ ಗತಿ.

ಸಿಂಧನೂರಿನ ಡಾಕ್ಟರ್ ಓದಿನ ಹುಚ್ಚಿನವ. ಅವನೊಂದು ಉಪಾಯ ಹೇಳಿದ.

"ಯವ್ವಾ, ಕೈ ಆಡಿಸಿದಾಗ ಮೆದುಳಿನ್ಯಾಗ ಯಾವ ಜಾಗ ಕೆಲಸ ಮಾಡತೈತೋ, ಆಡಿಸಿದಂಗ ನೆನಸಿದ್ರೂ ಹೆಚ್ಚುಕಮ್ಮಿ ಅದ ಜಾಗ ಕೆಲಸ ಮಾಡತೈತಿ. ಕೈಗೆ ಹುಕುಂ ಮಾತ್ರ ಹೋಗಂಗಿಲ್ಲ. ದಿನಾ ಕಣ್ಣು ಮುಚ್ಚಿ ತುತ್ತು ಎತ್ತಿದಂಗ ನೆನಸು. ಒಂದಿನ ಹುಕುಂ ಹೋದೀತು."

ಗದ್ದೆಮ್ಮನಿಗೆ ತುತ್ತು ನೆನೆಸಲು ಬರಲಿಲ್ಲ. ಆ ಕೈ ಜನ್ಮವೆಲ್ಲ ಮಾಡಿದ್ದು ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ನಾಟಿ ಕೆಲಸ. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಅದನ್ನೇ ಹಿಡಿದಳು. ಆದರೆ ಎಡಗಡೆ ಜೋಡಿಯೊಬ್ಬಳು ಮಾತಾಡುತ್ತ ಹಿಂದೆ ಹಿಂದೆ ಸರಿಯದಿದ್ದರೆ ಇವಳ ಸಾಲು ನೆಟ್ಟಗಾಗದು. ಇಪ್ಪತ್ತು ವರ್ಷ ಆ ಜಾಗದಲ್ಲಿದ್ದವಳು ಕರೆಮ್ಮ. ಹೋದ ವರ್ಷ ಕಾಮಣಿ ರೋಗ ಬಂದು ಸತ್ತಿದ್ದಳು. ಸತ್ತರೇನು, ನೆನೆಸುವುದಕ್ಕೆ ಯಾರ ಅಪ್ಪಣೆ ಬೇಕು? ಇವಳು ಕರೆದಳು, ಅವಳು ಬಂದಳು.

"ಏನ್ಬೇ ಗದ್ದಿ, ಸಸಿ ಹಚ್ಚಾಕತ್ತೀಯೋ, ನಿದ್ದಿ ಮಾಡಾಕತ್ತೀಯೋ?" ಎಂದು ಮೊದಲಿನಂತೆಯೇ ಕಾಡಿದಳು.

ದಿನವೂ ಇಬ್ಬರೂ ಗದ್ದೆಯ ಒಂದೊಂದು ಮಡಿ ಮುಗಿಸುತ್ತಿದ್ದರು. ನಾಲ್ಕನೆಯ ತಿಂಗಳಿಗೆ ಗದ್ದೆಮ್ಮನ ತೋರುಬೆರಳು ಮಿಸುಕಿತು. ಎರಡನೆಯ ಬೆಳೆಯ ನಾಟಿ ಬರುವಷ್ಟರಲ್ಲಿ ಕೈ ಸಸಿ ಹಿಡಿಯಿತು.

ಡಾಕ್ಟರ್ ಕುಣಿದಾಡುವುದೊಂದು ಬಾಕಿ. "ಇನ್ನ ನೆನಸೋದು ಬಿಡು ಯವ್ವಾ, ಖರೇನ ಮಾಡು."

ಮಾಡಿದಳು. ಎಡಗಡೆ ಕರೆಮ್ಮನ ಜಾಗದಲ್ಲಿ, ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಪೀರಮ್ಮ ನಿಂತಿದ್ದಳು. ಕೈ ಚುರುಕು, ಬಾಯಿ ಮಾತ್ರ ಬೀಗ. ದಿನವಿಡೀ ಒಂದು ಮಾತಿಲ್ಲ. ಇಷ್ಟು ತಿಂಗಳು ಮನೆಯಲ್ಲಿ ಒಬ್ಬಳೇ ಇದ್ದಾಗ ಆಗದ ಸಂಕಟ ಗದ್ದೆಮ್ಮನಿಗೆ ಹದಿನೈದು ಹೆಂಗಸರ ನಡುವೆ ಆಯಿತು.

ಸಂಜೆ ಕಟ್ಟೆಗೆ ಬಂದು ಕಣ್ಣು ಮುಚ್ಚಿದಳು. "ಕರೆಮ್ಮಾ, ಬಾರಬೇ."

ಸಸಿ ಹಚ್ಚಿದಂತೆ ನೆನೆಸಿದ್ದೇ ತಡ, ಬಲಗೈ ತಾನೇ ಎದ್ದು ಗಾಳಿಯನ್ನು ಚಿವುಟಿತು. ಬೆಚ್ಚಿ ಕಣ್ಣು ತೆರೆದರೆ ಕರೆಮ್ಮನಿಲ್ಲ, ಬರೀ ಓಣಿ. ಮತ್ತೆ ಮುಚ್ಚಿದಳು, ಅವಳು ಬರುವ ಮೊದಲೇ ಕೈ ಮತ್ತೆ ಎದ್ದಿತು. ಹುಕುಂ ಈಗ ತಪ್ಪದೆ ಹೋಗುತ್ತಿತ್ತು.

ತಿಂಗಳುಗಟ್ಟಲೆ ಏಳು ತಾಯೀ ಏಳು ಎಂದು ಬೇಡಿಕೊಂಡಿದ್ದ ಆ ಕೈಯನ್ನು ಗದ್ದೆಮ್ಮ ತೊಡೆಯ ಕೆಳಗೆ ತುರುಕಿ, ಅಲುಗದಂತೆ ಮೈಭಾರವೆಲ್ಲ ಹಾಕಿ ಕೂತಳು.