ಇನ್ನೊಂದು ಸುತ್ತು

ಬೂಟು ಅರ್ಧಕ್ಕೆ ಹೋಗಿ ನಿಂತುಬಿಟ್ಟಿತು. ಲಿಯೋಟಾ ಗಂಡನ ಹಿಮ್ಮಡಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಿಂದ ಇನ್ನೊಮ್ಮೆ ತಳ್ಳಿದಳು. ಬದುಕಿದ್ದಾಗಲೂ ಒಂದೇ ಮಾತಿಗೆ ಬಗ್ಗಿದ ಕಾಲಲ್ಲ ಅದು.

"ಬಿಡು ಚಿಕ್ಕಮ್ಮ," ಎಂದ ಕಾರ್ಲಿಸ್. ಅವನು ಲಿಯೋಟಾಳ ಅಕ್ಕನ ಮಗ. ಸ್ಪೈಸ್‌ವುಡ್ ಕಣಿವೆಯಲ್ಲಿ ಸತ್ತವರನ್ನೆಲ್ಲ ಸಿಂಗರಿಸಿ ಕಳಿಸುವ ಕೆಲಸ ಅವನದು. "ಪೆಟ್ಟಿಗೆ ಮುಚ್ಚಳ ಸೊಂಟದವರೆಗೆ ಮಾತ್ರ ತೆಗೆದಿಡ್ತೀವಿ. ಕೆಳಗಡೆ ಯಾರಿಗೂ ಕಾಣ್ಸಲ್ಲ. ಎಷ್ಟೋ ಜನರನ್ನ ಬರೀ ಕಾಲುಚೀಲದಲ್ಲೇ ಕಳಿಸಿಕೊಟ್ಟಿದೀನಿ."

"ಮೇಲಿನರ್ಧ ಊರವರು ನೋಡಿದ್ದು. ನಾನು ನೋಡಿದ್ದು ಇಷ್ಟೇ," ಎಂದು ಲಿಯೋಟಾ ಬೂಟನ್ನು ಕುಟ್ಟಿದಳು. "ಇದನ್ನ ಬಿಟ್ಟು ಹೋದ್ರೆ ನಾಳೆ ಮೇಲೆ ಸಿಕ್ಕಾಗ ಗುರುತು ಹಿಡಿಯೋದು ಹೇಗೆ? ಸುಮ್ನೆ ಬಂದು ಒಂದು ಕೈ ಹಿಡಿ."

ಕಾರ್ಲಿಸ್ ಬಂದು ಹಿಡಿದ. ಬೂಟು ಒಳಗೆ ಹೋಯಿತು. ಅದರ ಅಟ್ಟೆಗೆ ಇನ್ನೂ ಹೊಲದ ಕೆಂಪು ಮಣ್ಣು ಅಂಟಿತ್ತು. ಅವನು ಒರೆಸಲು ಬಟ್ಟೆ ತೆಗೆದುಕೊಂಡಾಗ ಅವಳು ಬೇಡವೆಂದಳು.

ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿಯು ಲಿಯೋಟಾಳ ಗಂಡ ಆರ್ಲಿ ಕೂಮ್ಸ್‌ನನ್ನು ಮಹಾ ಸಂಗೀತಗಾರ ಎಂದು ಕರೆದಾಗ ಹಿಂದಿನ ಸಾಲಿನಲ್ಲಿದ್ದ ಡೆಂಜಿಲ್‌ಗೆ ಕೆಮ್ಮು ಬಂತು. ಡೆಂಜಿಲ್ ಬ್ಯಾಂಜೊ ನುಡಿಸುವವನು, ಆರ್ಲಿಯ ಬಾಲ್ಯದ ಗೆಳೆಯ. ಆರ್ಲಿಯ ಮ್ಯಾಂಡೊಲಿನ್ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಜೂನ್ ತಿಂಗಳ ಸಂಗೀತ ಮೇಳದಲ್ಲಿ ಕೆಸರಿಗೆ ಸಿಕ್ಕ ಕಾರುಗಳನ್ನು ಟ್ರ್ಯಾಕ್ಟರ್ ಕಟ್ಟಿ ಎಳೆದವನು, ಗಾಳಿಗೆ ಹಾರುವ ಟಾರ್ಪಾಲನ್ನು ಹಲ್ಲು ಕಚ್ಚಿ ಬಿಗಿದವನು, ವೇದಿಕೆಯನ್ನು ಮೊದಲು ಯಾರು ಹತ್ತಬೇಕೆಂದು ಜಗಳಕ್ಕೆ ನಿಂತ ಎರಡು ತಂಡಗಳಿಗೆ ಒಂದೇ ಲೋಟದಲ್ಲಿ ಕಾಫಿ ಕುಡಿಸಿದವನು ಅವನೇ. ಚಳಿಗಾಲದ ಶುಕ್ರವಾರಗಳಲ್ಲಿ ಮುಚ್ಚಿದ ಹಳೇ ಶಾಲೆಯ ಒಲೆ ಹೊತ್ತಿಸಿ, ಮಿಕ್ಕವರು ನುಡಿಸಲೆಂದು ಬೆರಳು ಸೆಟೆಸಿಕೊಂಡು ಬರುವ ಹೊತ್ತಿಗೆ ಕೋಣೆ ಬೆಚ್ಚಗೆ ಮಾಡಿಡುತ್ತಿದ್ದವನೂ ಅವನೇ. ಬ್ಲೂಗ್ರಾಸ್ ಎಂಬ ಈ ಗುಡ್ಡಗಾಡಿನ ತಂತಿವಾದ್ಯ ಸಂಗೀತದ ಸಂಘಕ್ಕೆ ಅಧ್ಯಕ್ಷ ಎಂದರೆ ಸ್ಪೈಸ್‌ವುಡ್‌ನಲ್ಲಿ ಇಷ್ಟೇ, ಕಕ್ಕಸು ತೊಳೆಯುವುದೂ ಸೇರಿ.

ಹೊರಗೆ ಮೆಟ್ಟಿಲ ಬಳಿ ಪಿಸುಮಾತು ನಡೆದಿತ್ತು. ಲಿಯೋಟಾಳ ಕಿವಿ ಇನ್ನೂ ಚುರುಕಾಗಿಯೇ ಇತ್ತು.

"ನೀನೇ ಕೇಳಪ್ಪ," ಎಂದಳು ಓಪಲ್. ಸಂಘದ ಕಾರ್ಯದರ್ಶಿ, ಪಿಟೀಲು ಅವಳದು. "ಶನಿವಾರ ಸಭೆ. ತಂಡದವರಿಗೆಲ್ಲ ಹೂಂ ಅನ್ಬೇಕೋ ಊಹೂಂ ಅನ್ಬೇಕೋ ಇವತ್ತೇ ಗೊತ್ತಾಗ್ಬೇಕು. ಹೊಲ ಅವಳದು."

"ನಾನಾ? ಹಿಂದೊಂದ್ಸಲ ಕಡುಬು ಉಪ್ಪಾಯ್ತು ಅಂದಿದ್ದಕ್ಕೆ ಎರಡು ಜೂನ್ ನನಗೆ ಕಡುಬೇ ಕೊಟ್ಟಿಲ್ಲ ಅವಳು," ಎಂದ ಡೆಂಜಿಲ್. "ಆಸ್ಪತ್ರೇಲಿ ಏನಂದ್ಲು ಕೇಳ್ಲಿಲ್ವಾ? ಇವನ ಜೊತೇಲೇ ಸಂಘಾನೂ ಹೂತುಬಿಡಿ, ನಾನು ಡೇಟನ್‌ಗೆ ತಂಗಿ ಮನೆಗೆ ಹೋಗ್ತೀನಿ ಅಂದ್ಲು."

ಕೊನೆಗೆ ಓಪಲ್ಲೇ ಹತ್ತಿರ ಬಂದಳು. "ಲಿಯೋಟಕ್ಕಾ, ಇದು ಕೇಳೋ ಹೊತ್ತಲ್ಲ..."

"ಅಲ್ಲ ಅಂತ ಗೊತ್ತಿದ್ರೆ ಕೇಳ್ಬೇಡ."

"ಈ ಜೂನ್ ಇನ್ನೊಂದ್ಸಲ ಆ ಹೊಲದಲ್ಲಿ..."

"ಇನ್ನೊಂದ್ಸಲ! ಈ ಮಾತು ಕೇಳ್ಕೊಂಡೇ ನಾನು ಮುದುಕಿ ಆದೆ ಕಣೇ ಓಪಲ್. ಹೇಳಿದೋನು ಒಳಗೆ ಮಲಗಿದಾನೆ. ಹೋಗಿ ಅವನನ್ನೇ ಕೇಳು."

ಓಪಲ್ ತಲೆ ತಗ್ಗಿಸಿ ಹಿಂದೆ ಸರಿದಳು. ಅಷ್ಟು ಕಟುವಾಗಿ ಆಡಬಾರದಿತ್ತು ಎಂದು ಲಿಯೋಟಾಳಿಗೆ ಅನಿಸಿತು. ಆದರೂ ಕರೆಯಲಿಲ್ಲ.

*

ಹುಲ್ಲಿನ ಆ ಹೊಲ ಲಿಯೋಟಾಳ ಅಪ್ಪ ಕೊಟ್ಟದ್ದು. ಮದುವೆಯಾದ ಹೊಸತರಲ್ಲೇ ಆರ್ಲಿ ಅದರ ತಗ್ಗಿನಲ್ಲಿ ಹಲಗೆ ಬಡಿದು ವೇದಿಕೆ ಎಬ್ಬಿಸಿದ, ಅದರ ಹಿಂದೆ ಅವಳಿಗೊಂದು ಅಡುಗೆ ಕೊಟ್ಟಿಗೆ. ಹೊಲ ಇಳಿಜಾರು. ಹಾಗಾಗಿ ಕೊಟ್ಟಿಗೆಯ ಕಿಟಕಿ ವೇದಿಕೆಯ ನೆಲಕ್ಕೆ ಸರಿಯಾಗಿ ಬಂತು. ಲೋಕವೆಲ್ಲ ಎದುರಿಗೆ ಕೂತು ಮುಖ ನೋಡಿ ಚಪ್ಪಾಳೆ ತಟ್ಟಿದರೆ, ಇವಳಿಗೆ ಕಂಡದ್ದು ಬರೀ ಪಾದಗಳು. ಹಿಮ್ಮಡಿ ಒಂದೇ ಕಡೆ ಸವೆದದ್ದು ಡೆಂಜಿಲ್‌ನದು, ಕೆಂಪು ಪಟ್ಟಿಯದು ಓಪಲ್‌ಳದು, ಲೇಸು ಸದಾ ಬಿಚ್ಚಿಕೊಂಡೇ ಇರುವ ಕಂದು ಬೂಟು ಗಂಡನದು.

"ಹಾಡೋ ಮಧ್ಯೆ ಒಂಟಿ ಕಾಲಲ್ಲಿ ನಿಲ್ತೀಯಲ್ಲ, ಸೆಳೆತವಾ?" ಎಂದು ಮೊದಲ ವರ್ಷವೇ ಕೇಳಿದ್ದಳು.

ಆರ್ಲಿ ಬಿದ್ದು ಬಿದ್ದು ನಕ್ಕ. "ನಮ್ಮಲ್ಲಿ ಬರೆದಿಟ್ಟುಕೊಂಡು ಯಾರು ನುಡಿಸ್ತಾರೆ? ಎಲ್ರೂ ಒಟ್ಟಿಗೆ ನಿಲ್ಲೋದಕ್ಕೆ ಒಬ್ಬ ಕಾಲೆತ್ತಬೇಕು. ಕಾಲೆತ್ತಿದ್ರೆ ಮುಗೀತು ಅಂತಲ್ಲ ಕಣೇ. ಇನ್ನೊಂದು ಸುತ್ತು, ಆಮೇಲೆ ನಿಲ್ಸಿ ಅಂತ."

ಆ ಗುಟ್ಟನ್ನು ಅವಳು ಸದ್ದಿಲ್ಲದೆ ತನ್ನ ಕೆಲಸಕ್ಕೆ ಬಳಸಿಕೊಂಡಳು. ಒಣ ಸೇಬಿನ ಹೂರಣ ತುಂಬಿದ ಕಡುಬುಗಳನ್ನು ತಟ್ಟಿಟ್ಟು, ಕಿಟಕಿಯ ಮೇಲೊಂದು ಕಣ್ಣಿಟ್ಟು ಕಾಯುತ್ತಿದ್ದಳು. ಊಟಕ್ಕೆ ಮುಂಚೆ ಕೊನೆಯದಾಗಿ ನುಡಿಸುವುದು ಆರ್ಲಿಯೇ ಕಟ್ಟಿದ ರಾಗ. ಅದಕ್ಕೊಂದು ಹೆಸರೂ ಇರಲಿಲ್ಲ, ಎಲ್ಲರೂ ಊಟದ ರಾಗ ಎನ್ನುತ್ತಿದ್ದರು. ಅದಕ್ಕೆ ಮಾತ್ರ ಅವನೇ ಕಾಲೆತ್ತಬೇಕು. ಕಂದು ಬೂಟು ಮೇಲೆದ್ದ ತಕ್ಷಣ ಅವಳು ಕಡುಬನ್ನು ಎಣ್ಣೆಗೆ ಬಿಡುತ್ತಿದ್ದಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಅವು ಹದವಾಗಿ ಕೆಂಪಗಾಗುತ್ತಿದ್ದವು, ಜನ ಬಂದು ಸಾಲು ನಿಲ್ಲುತ್ತಿದ್ದರು. ಗಂಡನಿಗೆ ಇದನ್ನು ಹೇಳಿರಲಿಲ್ಲ. ಹೇಳಿದರೆ ಮೈಕಿನಲ್ಲಿ ಊರಿಗೆಲ್ಲ ಸಾರುತ್ತಾನೆ.

ಮೇಳ ಮುಗಿದ ಸಂಜೆ ಆರ್ಲಿ ಜಗಲಿಯಲ್ಲಿ ಬಿಸಿನೀರಿನ ಬಕೆಟ್ಟಿಗೆ ಕಾಲು ಇಳಿಬಿಟ್ಟು ಹೇಳುತ್ತಿದ್ದ: "ಇದೇ ಕೊನೇದು ಮುದುಕಿ. ಇನ್ನು ನನ್ನ ಕೈಲಾಗಲ್ಲ." ಜನವರಿಯ ಸಭೆ ಮುಗಿಸಿ ಬಂದವನು ಟೋಪಿಯ ಮೇಲಿನ ಹಿಮವನ್ನೂ ಕೊಡವದೆ ಬಾಗಿಲಲ್ಲೇ ನಿಲ್ಲುತ್ತಿದ್ದ. "ಇನ್ನೊಂದೇ ವರ್ಷ. ಆಮೇಲಿಲ್ಲ."

ಅವಳು ಪಾತ್ರೆ ಕುಕ್ಕುತ್ತಿದ್ದಳು, ಎರಡು ದಿನ ಮಾತು ಬಿಡುತ್ತಿದ್ದಳು. ಸೇಬನ್ನು ಮಾತ್ರ ಅವನು ಕೇಳುವ ಮುಂಚೆ, ಎಲೆ ಉದುರುವ ಕಾಲದಲ್ಲೇ, ಸೀಳಿ ದಾರಕ್ಕೆ ಪೋಣಿಸಿ ಒಣಗಿಸಿರುತ್ತಿದ್ದಳು. ಈ ವರ್ಷದ್ದೂ ಅಟ್ಟದಲ್ಲಿ ತೂಗುತ್ತಿತ್ತು.

*

ಸ್ಮಶಾನ ಹೊಲದ ಮೇಲಿನ ಗುಡ್ಡದಲ್ಲಿತ್ತು. ಡೆಂಜಿಲ್ ತನ್ನ ಹಳೇ ಟ್ರಕ್ಕಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರುದಾರಿ ಹತ್ತಿಸಿದ. ಹಿಂದೆ ಬ್ಯಾಂಜೊ ಪೆಟ್ಟಿಗೆ ಗಡಗಡ ಎನ್ನುತ್ತಿತ್ತು.

"ಜಗಳ ಆಡೋದಾದ್ರೆ ಮೊದಲೇ ಹೇಳು, ಇಲ್ಲೇ ಇಳ್ಕೋತೀನಿ," ಎಂದಳು.

"ಜಗಳ ಎಂಥದು, ನಿನ್ನ ಹೊಲ, ನಿನ್ನ ಇಷ್ಟ." ಅವನು ಗೇರು ಬದಲಿಸಿದ. "ಊಟದ ರಾಗ ನುಡಿಸ್ತೀವಿ ಮೇಲೆ. ಯಾರು ಕಾಲೆತ್ತೋದು ಅಂತ ಬೆಳಗಿಂದ ತಲೆ ಕೆಟ್ಟಿದೆ. ಅವನ ಹಾಗೆ ಎತ್ತೋಕೆ ನಮಗ್ಯಾರಿಗೂ ಬರಲ್ಲ ಬಿಡು."

"ಕಾಲೆತ್ತೋಕೂ ವಿದ್ಯೆ ಬೇಕಾ?"

"ಅಲ್ವೇ, ಕಾಲನ್ನ ನಮ್ಮ ಕಡೆ ಎತ್ತಬೇಕು, ನಾವು ನೋಡೋ ಹಾಗೆ. ಅವನು ಎಡಕ್ಕೆ ವಾರೆ ಮಾಡಿ, ಬೆನ್ನ ಹಿಂದೆ ಎತ್ತೋನು. ನಾವು ಕತ್ತು ಮುರ್ಕೊಂಡು ನೋಡ್ಬೇಕಿತ್ತು. ಯಾರಿಗೋ ತೋರಿಸ್ತೀಯಾ ಆ ಬೂಟನ್ನ ಅಂತ ಒಂದಿನ ಬೈದೆ. ನೋಡ್ಬೇಕಾದೋಳು ನೋಡ್ತಾಳೆ, ನಿನ್ನ ಕಡುಬು ಬಿಸಿ ಇರ್ಬೇಕಾ ಬೇಡ್ವಾ ಅಂದ."

ಲಿಯೋಟಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೆಳಗೆ ಹೊಲ ಹಸಿರಾಗುತ್ತಿತ್ತು, ಅಂಚಿನ ಮರಗಳು ಎಲೆಯಿಲ್ಲದೆ ಬರೀ ನೇರಳೆ ಹೂವು ಬಿಟ್ಟಿದ್ದವು. ವೇದಿಕೆಯ ಹಿಂದೆ ಅವಳ ಕೊಟ್ಟಿಗೆಯ ಕಿಟಕಿ ಪುಟ್ಟದಾಗಿ ಕಾಣುತ್ತಿತ್ತು. ಇಷ್ಟು ವರ್ಷ ತಾನು ಕದ್ದು ನೋಡಿದೆನೆಂದುಕೊಂಡದ್ದನ್ನೆಲ್ಲ ಅವನು ತನಗೆಂದೇ ತೋರಿಸಿದ್ದ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಚರ್ಚಿನಲ್ಲಿ ಬಾರದ ಅಳು ಈ ಧೂಳು ಹಿಡಿದ ಟ್ರಕ್ಕಿನಲ್ಲಿ ಬಂತು.

"ಕಳ್ಳ," ಎಂದಳು. "ಒಂದು ದಿನಾನೂ ಬಾಯಿ ಬಿಡ್ಲಿಲ್ಲ."

ಡೆಂಜಿಲ್ ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು, ಅವಳ ಕಡೆ ನೋಡದೆಯೇ ಕೊಟ್ಟ.

ಮೇಲೆ ಪಾದ್ರಿಯ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಗುಂಡಿಯ ಮೇಲಿನ ಪಟ್ಟಿಗಳ ಮೇಲೆ ಕೂತಿತ್ತು. ವಾದ್ಯದವರು ಸುತ್ತ ನಿಂತರು. ಡೆಂಜಿಲ್ ಶುರು ಮಾಡಿದ, ಓಪಲ್ ಪಿಟೀಲು ಸೇರಿಸಿದಳು, ಹಿಂದಿನಿಂದ ಗಿಟಾರುಗಳು ಬಂದವು. ಒಂದು ಸುತ್ತಾಯಿತು, ಎರಡಾಯಿತು. ಒಬ್ಬೊಬ್ಬರೇ ಮುಂದಾಗಿ ನುಡಿಸುವ ಸರದಿ ಎಲ್ಲರ ಕೈಯನ್ನೂ ಹಾದು ಮತ್ತೆ ಡೆಂಜಿಲ್‌ಗೇ ಬಂತು. ಅವನು ಓಪಲ್‌ಳನ್ನು ನೋಡಿದ, ಓಪಲ್ ಗಿಟಾರಿನವನನ್ನು ನೋಡಿದಳು, ಅವನು ನೆಲ ನೋಡಿದ. ಆರ್ಲಿಯ ರಾಗಕ್ಕೆ ಕಾಲೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ರಾಗ ನಿಲ್ಲಲಾರದೆ ತಿರುಗುತ್ತಲೇ ಇತ್ತು. ಓಪಲ್‌ಳ ಕೆನ್ನೆಯಿಂದ ಕಣ್ಣೀರು ಪಿಟೀಲಿನ ಮೇಲೆ ಇಳಿಯುತ್ತಿತ್ತು. ಮುದುಕ ಡೆಂಜಿಲ್‌ನ ಬೆರಳು ತಡವರಿಸತೊಡಗಿತು.

ಲಿಯೋಟಾ ತಗ್ಗಿಸಿದ ತಲೆ ಎತ್ತಲಿಲ್ಲ. ಅವಳು ನೋಡುತ್ತಿದ್ದುದು ಪಾದಗಳನ್ನು. ಸವೆದ ಹಿಮ್ಮಡಿ ಇತ್ತು, ಕೆಂಪು ಪಟ್ಟಿ ಇತ್ತು, ನಡುವೆ ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಅವಳು ಹೋಗಿ ಆ ಜಾಗದಲ್ಲಿ ನಿಂತಳು. ಪಕ್ಕಕ್ಕೆ ಬಂದ ಕಾರ್ಲಿಸ್‌ನ ಭುಜ ಹಿಡಿದುಕೊಂಡು, ಮಣ್ಣು ಮೆತ್ತಿದ ತನ್ನ ಕರಿ ಚಪ್ಪಟೆ ಬೂಟನ್ನು ಮೇಲೆತ್ತಿದಳು.

ಓಪಲ್‌ಳ ಕಮಾನು ಒಂದು ಕ್ಷಣ ನಿಂತಿತು. "ಇನ್ನೊಂದಾ, ಅಕ್ಕಾ?" ಎಂದು ಬರೀ ತುಟಿ ಅಲ್ಲಾಡಿಸಿ ಕೇಳಿದಳು.

"ಇನ್ನೊಂದೇ," ಎಂದಳು ಲಿಯೋಟಾ. "ಆಮೇಲಿಲ್ಲ."

ಡೆಂಜಿಲ್ ಅಳುತ್ತಲೇ ನಕ್ಕುಬಿಟ್ಟ. ತಂತಿಗಳೆಲ್ಲ ಒಟ್ಟಿಗೆ ಕೊನೆಯ ಸುತ್ತಿಗೆ ಇಳಿದವು. ಅವರ ಸಂಪ್ರದಾಯದಂತೆ ಅವಳ ಪಾದ ವಾದ್ಯದವರ ಕಡೆಗಿರಬೇಕಿತ್ತು. ಅದು ತುಸು ಎಡಕ್ಕೆ, ಪೆಟ್ಟಿಗೆಯ ಕಡೆಗೆ ವಾರೆಯಾಗಿತ್ತು. ರಾಗ ಮುಗಿಯುವವರೆಗೂ ಅವಳು ಅದನ್ನು ಹಾಗೆಯೇ ಎತ್ತಿ ಹಿಡಿದು ನಿಂತಿದ್ದಳು.