ನಲವತ್ತೊಂದು ಸೆಕೆಂಡು

ಇರುದಯರಾಜ್ ಅಣ್ಣನಿಗೆ ಆರು ತಿಂಗಳಿಂದ ನೆಮ್ಮದಿಯ ನಿದ್ದೆ ಇರಲಿಲ್ಲ. ವಾಲಾಜಾ ಸ್ಟೇಷನ್ ದಾಟಿದ ಮೇಲೆ ನಮ್ಮ ರೈಲುಗಾಡಿಗೆ ಸಿಕ್ಕಿ ಸತ್ತ ಹೆಂಗಸು, ಕಣ್ಣು ಮುಚ್ಚಿದೊಡನೆ ಬಂದು ಕತ್ತು ಹಿಡಿಯುತ್ತಾಳೆ ಎನ್ನುತ್ತಿದ್ದರು. ಅವತ್ತು ಇಂಜಿನ್ನಿನಲ್ಲಿ ಅವರ ಸಹಾಯಕನಾಗಿದ್ದವನು ನಾನು. ಅವಳನ್ನು ಕಂಡಕೂಡಲೇ ಅಣ್ಣ ಬ್ರೇಕ್ ಹಾಕಿದರು ಎಂದು ವಿಚಾರಣೆಯಲ್ಲಿ ಹೇಳಿದವನೂ ನಾನೇ.

ಜೋಲಾರ್‌ಪೇಟೆಯಲ್ಲಿ, ಎರಡು ಗಾಡಿಗಳ ನಡುವೆ ಚಾಲಕರು ಮಲಗುವ ರನ್ನಿಂಗ್ ರೂಮಿಗೆ ಮಧ್ಯಾಹ್ನವೂ ಕಪ್ಪು ಪರದೆ. ಅಣ್ಣನ ಗೊರಕೆಗೆ ಹೆದರಿ ಉಳಿದವರು ಬೇರೆ ಕೋಣೆ ಹಿಡಿಯುತ್ತಿದ್ದರು. ಇವರು ಹಾಸಿಗೆಯಲ್ಲೂ ಗಾಡಿ ಓಡಿಸುತ್ತಾರೆ, ನಡುನಡುವೆ ಸಿಗ್ನಲ್ ಸಿಗದೆ ನಿಲ್ಲುತ್ತದೆ ಎಂದು ಅಡುಗೆಯ ಧನಕೋಡಿ ಸಾಂಬಾರು ಬಡಿಸುತ್ತಾ ನಗಾಡಿದ.

ಊಟವಾದ ಮೇಲೆ ನಾನು ಮಲಗದೆ ನೋಡಿದೆ. ಗೊರಕೆ ತುಂಡಾಯಿತು. ಎದೆ ಏಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಮೊಬೈಲಿನಲ್ಲಿ ಎಲ್ಲ ರೆಕಾರ್ಡ್ ಆಗುತ್ತಿತ್ತು. ನಲವತ್ತೊಂದು ಸೆಕೆಂಡು. ಆಮೇಲೆ ಒದ್ದಾಡಿ ಎದ್ದು ಕೂತರು. ಕತ್ತು ಸವರಿಕೊಂಡರು.

"ಬಂದಿದ್ಲು."

ಯಾರೂ ಬಂದಿಲ್ಲ, ನಿಮ್ಮ ಉಸಿರೇ ನಿಂತು ನಿಮ್ಮನ್ನು ಎಬ್ಬಿಸುತ್ತಿದೆ, ಗಂಟೆಗೆ ಎಷ್ಟು ಸಲವೋ, ಹಗಲು ತೂಕಡಿಕೆ ಬರುವುದೂ ಅದಕ್ಕೇ ಎಂದೆ. ವೈದ್ಯರು ಮಲಗುವಾಗ ಹಾಕಿಕೊಳ್ಳಲು ಗಾಳಿಯ ಮಾಸ್ಕ್ ಕೊಡುತ್ತಾರೆ, ತೋರಿಸೋಣ ಎಂದೆ.

ಅಣ್ಣ ಮೊಬೈಲನ್ನು ಕಿವಿಗೆ ಹಿಡಿದರು. ಗೊರಕೆ ನಿಂತ ಜಾಗದಲ್ಲಿ ಫ್ಯಾನಿನ ಸದ್ದು ಮಾತ್ರ. ಅಷ್ಟನ್ನೇ ಮೂರು ಸಲ ಕೇಳಿದರು, ಅದರೊಳಗೆ ಯಾರೋ ನಿಂತಿದ್ದಾರೆಂಬಂತೆ.

"ಅವಳಾದ್ರೆ ತಪ್ಪಾಯ್ತು ಅಂತ ಕೇಳ್ಕೋಬಹುದಿತ್ತು ತಂಬಿ. ನನ್ ಗಂಟಲನ್ನ ಏನಂತ ಕೇಳ್ಲಿ?"

ಅವರ ಮುಖ ಬಿಳಚಿಕೊಳ್ಳುತ್ತಾ ಹೋಯಿತು.

"ಅವಳು ಸಾಯೋಕೆ ಮುಂಚೇನೂ ಹೀಗೇ ಗೊರಕೆ ಹೊಡೀತಿದ್ನಾ?"

"ಹೂಂ. ಹೀಗೇ."

"ಹಾಗಾದ್ರೆ ಅವತ್ತು ನಾನು ಎಚ್ಚರವಾಗಿದ್ನಾ?"

ಅವತ್ತು ನಾನು ಕೂಗಿದ್ದೆ. ಅವರ ಗದ್ದ ಎದೆಗೆ ತಾಗಿತ್ತು. ಎರಡನೆಯ ಕೂಗಿಗೆ ಕೈ ಬ್ರೇಕಿಗೆ ಹೋಗಿತ್ತು.

"ಎರಡು ಸಲ ಕೂಗ್ದೆ ಅಣ್ಣಾ."

ಅವರು ಶರ್ಟು ಹಾಕಿಕೊಂಡರು. ಐದು ಗಂಟೆಯ ಗಾಡಿ ನಮ್ಮದು. ಹಾಜರಿ ಕೋಣೆಯಲ್ಲಿ ಗುಮಾಸ್ತ ಪುಸ್ತಕ ಮುಂದಿಟ್ಟ. ಪೂರ್ತಿ ವಿಶ್ರಾಂತಿ ಪಡೆದಿದ್ದೇನೆ ಎಂಬ ಸಾಲಿನ ಕೆಳಗೆ ಇಷ್ಟು ದಿನ ಓದದೆ ರುಜು ಹಾಕುತ್ತಿದ್ದವರು, ಈಗ ಅದನ್ನು ತುಟಿಯಾಡಿಸಿ ಓದಿದರು. ಇವತ್ತು ಗಾಡಿ ಹತ್ತುವುದಿಲ್ಲ, ಬೇರೆಯವರನ್ನು ಕರೆಸಿ ಎಂದರು. ಕಾರಣ ಬರೆದುಕೊಡಿ ಎಂದ ಗುಮಾಸ್ತ.

ಅಣ್ಣ ಪೆನ್ನನ್ನು ನನ್ನತ್ತ ಚಾಚಿದರು.

"ನೀನೇ ಬರಿ. ಅವತ್ತಿಂದೂ ಸೇರ್ಸಿ ಬರಿ."

ಬಿಳಿ ಹಾಳೆಯ ತುದಿಯಲ್ಲಿ ಮೊದಲು ನನ್ನ ಹೆಸರು ಬರೆದೆ.